ಉಪ್ಪಿನ ಕೆಳಗಿನ ನೀರು

ಮುಹರ್ರಕ್‌ನ ಕಾಜಿಯ ಚಾವಡಿಯಲ್ಲಿ ಕೇಳಿದರು:
ಯಾವುದರ ಮೇಲೆ ಆಣೆ ಇಡುತ್ತೀ, ಬನಿಯಾ?
ನಾನು ಬನಿಯಾ ಅಲ್ಲ, ಗಂಗೊಳ್ಳಿಯ ದೇವರಾಯ ಶಾನುಭಾಗ.
ಹದಿನಾಲ್ಕು ವರ್ಷ ಹಾಗೇ ಕರೆಸಿಕೊಂಡ ಮೇಲೆ
ತಿದ್ದಲು ಅದು ಹೊತ್ತಲ್ಲ.

ಆ ಕಡೆ ನಾಖುದಾ ಷಾಹೀನ್, ನನಗೆ ಅನ್ನ ಕೊಟ್ಟವನು.
ಮಂಗಳೂರಿನ ಮಂಜಿಯಿಂದ ಕುಚ್ಚಲಕ್ಕಿ ಇಳಿದರೆ
ಮೊದಲ ಮೂಟೆ ನನ್ನ ಕೋಣೆಗೆ.
ಏಕಾದಶಿ ಯಾವತ್ತೆಂದು
ನನಗಿಂತ ಮೊದಲು ಅವನಿಗೆ ನೆನಪು.

ಈ ಕಡೆ ಸುರೂರ್, ಹದಿನೈದರ ಹುಡುಗ,
ದೋಣಿಯಿಂದ ನೇರ ಬಂದವನು,
ಹೆಗಲ ತೊಗಲಿನ ಚೀಲ ಇನ್ನೂ ತೊಟ್ಟಿಕ್ಕುತ್ತಿತ್ತು.
ಅವನ ಮುತ್ತಜ್ಜನನ್ನು ಆಫ್ರಿಕದ ಕರೆಯಿಂದ
ಯಾರೋ ತಂದು ಮಾರಿದ್ದರಂತೆ.
ಆ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ.
ಅಪ್ಪನದು ಇದೆ, ನನ್ನ ಅಕ್ಷರದಲ್ಲೇ:
ಮರ್ಜೂಕ್, ಇನ್ನೂರು ರೂಪಾಯಿ.
ಮುತ್ತಿಗೆ ಮುಳುಗಿದವನು ಸತ್ತರೂ ಸಾಲ ಮುಳುಗುವುದಿಲ್ಲ,
ತೇಲಿ ಬಂದು ಮಗನ ಕುತ್ತಿಗೆ ಹುಡುಕುತ್ತದೆ.

ಏಳು ವರ್ಷದ ಹಿಂದೆ, ರಂಜಾನ್ ಮುಗಿದ ರಾತ್ರಿ,
ಮರ್ಜೂಕ್ ರುಮಾಲಿನ ಗಂಟು ಬಿಚ್ಚಿ
ನೂರನಲವತ್ತು ಎಣಿಸಿ ಇಟ್ಟ.
‘ನಾಳೆ ಬರೆ’ ಎಂದ ನಾಖುದಾ.
ನಾನು ದೀಪ ಸಣ್ಣ ಮಾಡಿದೆ.
ಆ ಬೇಸಿಗೆಯಲ್ಲಿ, ಹತ್ತು ಮಾರು ಆಳದಿಂದ,
ಹಗ್ಗ ಹಗುರಾಗಿ ಬಂತು ಎಂದ ಷಂಬೆ,
ಮೇಲೆ ನಿಂತು ಎಳೆಯುತ್ತಿದ್ದ ಬಲೂಚಿ.
ನಾಳೆ ಬರಲಿಲ್ಲ. ಯಾರೂ ನನ್ನನ್ನು ಕೇಳಲೂ ಇಲ್ಲ.
ಯಾರೂ ಕೇಳಲಿಲ್ಲ ಎಂಬುದನ್ನು ದಿನವೂ
ಹಿತ್ತಾಳೆ ದೀಪದ ಹಾಗೆ ತಿಕ್ಕಿ ಇಟ್ಟುಕೊಂಡಿದ್ದೆ.

ಹಿಂದಿನ ಸಂಜೆ ಹೆಸ್ಕೇಲನ ಅಂಗಡಿಗೆ ಹೋಗಿದ್ದೆ.
ಬಸ್ರಾದ ಯೆಹೂದಿ, ತಾಮ್ರದ ಜರಡಿಯಲ್ಲಿ
ಮುತ್ತು ಜಾಲಿಸುತ್ತ, ತಲೆಯೆತ್ತದೆ ಕೇಳಿದ:
ದೇವರಾಯಾ, ನಿಮ್ಮಲ್ಲಿ ದೇವರು ಎಷ್ಟು?
ಎಣಿಸಿಲ್ಲ ಎಂದೆ.
ನಮ್ಮಲ್ಲಿ ಒಬ್ಬನೇ. ಆದರೂ
ನನಗೆ ತಪ್ಪಿಸಿಕೊಂಡು ಓಡಲಾಗಲಿಲ್ಲ,
ನಿನಗೆ ಹೇಗಯ್ಯಾ ಆದೀತು?

ಉಂಡ ಮನೆಗೆ ಎರಡು ಬಗೆಯಬಾರದು, ಅಂದಿದ್ದಳು ಅಮ್ಮ.
ಉಪ್ಪು ತಿಂದವ ನೀರು ಕುಡಿಯಲೇಬೇಕು,
ಅದನ್ನೂ ಅವಳೇ ಅಂದಿದ್ದು.

ಷಂಬೆ ತನ್ನ ಸಾಕ್ಷಿ ಹೇಳಿ ಕೂತಿದ್ದ. ಇನ್ನೊಂದು ಬೇಕಿತ್ತು.
ಯಾವುದರ ಮೇಲೆ? ಕಾಜಿ ಮತ್ತೆ ಕೇಳಿದರು, ಮೆತ್ತಗೆ.
ನಿನಗೂ ಒಂದು ಗ್ರಂಥ ಇರಬೇಕಲ್ಲ?
ನನ್ನ ಕೈಯಲ್ಲಿದ್ದದ್ದು ಲೆಕ್ಕದ ಪುಸ್ತಕ, ಅದೇ ಸುಳ್ಳು.
ತುಳಸಿ ಈ ಮಣ್ಣಲ್ಲಿ ಎರಡು ಸಲ ಸತ್ತಿತ್ತು.

ಆಗ ಚೀಲದಿಂದ ಮತ್ತೊಂದು ಹನಿ ಬಿತ್ತು.

ಈ ಕಡಲ ತಳದಲ್ಲಿ ಸಿಹಿನೀರಿನ ಒರತೆಗಳಿವೆ.
ಉಪ್ಪಿನೊಳಗೆ ಉಸಿರು ಕಟ್ಟಿ ಇಳಿದು,
ತೊಗಲಿನ ಬಾಯಿ ಒರತೆಗೆ ಒಡ್ಡಿ,
ತುಂಬಿಸಿ, ಬಿಗಿದು, ಮೇಲೇಳುತ್ತಾರೆ.
ಐದು ಹೊಳೆ ಕಡಲು ಸೇರುವ ಊರಿನವ ನಾನು;
ಕಡಲೊಳಗಿಂದ ಹೊಳೆ ಹುಟ್ಟುವುದನ್ನು ಇಲ್ಲೇ ಕುಡಿದದ್ದು.

ಬೊಗಸೆ ಒಡ್ಡಿದೆ. ಸುರೂರ್ ಕಾಜಿಯನ್ನು ನೋಡಿದ,
ಆಮೇಲೆ ಸುರಿದ.
ಗಂಗೆಯಾಣೆ, ಎಂದೆ ಕನ್ನಡದಲ್ಲಿ.
ನೂರನಲವತ್ತು ಸಂದಿದೆ. ಬರೆಯದವನು ನಾನು.
ನಾಖುದಾ ತಲೆ ತಗ್ಗಿಸಲಿಲ್ಲ. ಸಿಟ್ಟಾಗಲೂ ಇಲ್ಲ.
ರಾತ್ರಿ ಕೊನೆಯ ಸಂಬಳ ಕಳಿಸಿದ, ಜೊತೆಗೆ ಅರ್ಧ ಮೂಟೆ ಅಕ್ಕಿ.
ಆ ಅಕ್ಕಿಯನ್ನು ಏನು ಮಾಡಬೇಕೆಂದು ಈಗಲೂ ತಿಳಿದಿಲ್ಲ.

ಉಳಿದ ಅರವತ್ತು ಉಳಿಯಿತು.
ಅದಕ್ಕೆ ಹುಡುಗ ಮತ್ತೆ ಮುಳುಗಲೇಬೇಕು.
ಮಂಜಿ ಹತ್ತುವ ದಿನ ದಕ್ಕೆಗೆ ಬಂದ, ಕೇಳಿದ:
ನಿನ್ನ ಲಿಪಿಯಲ್ಲಿ ಎಷ್ಟಿದೆ ನನ್ನದು?
ಮರಳಲ್ಲಿ ಬರೆದೆ: ೬೦.
ಮೊದಲನೆಯದು ಅವನಿಗೆ ಗುರುತಾಗಲಿಲ್ಲ.
ಎರಡನೆಯದಕ್ಕೆ ಬೆರಳಿಟ್ಟು, ಇದು ಐದು, ಎಂದ.
ಅವರಲ್ಲಿ ಐದನ್ನು ಹಾಗೆ ಬರೆಯುತ್ತಾರೆ, ದುಂಡಗೆ.
ನಮ್ಮಲ್ಲಿ ಅದು ಸೊನ್ನೆ ಕಣೋ, ಎಂದೆ.
ಸೊನ್ನೆ?
ನಕ್ಕು ಅಂಗೈ ಬಿಡಿಸಿ ತೋರಿಸಿದ, ಚಿಪ್ಪು ಕೊಯ್ದ ಐದೂ ಬೆರಳು.